ಸ್ಲೋ ಸ್ಕ್ರೂ ತಿರುಗಿಸಿದರೆ ಮೈಲೇಜ್ ಬರುವುದಿಲ್ಲ

ಕೃಷಿಕರ ಪತ್ರಿಕೆಯಲ್ಲಿ ಕಾರಿನ ಕಾರ್ಬೊರೇಟರ್ ವಿಷಯ ಯಾಕಪ್ಪಾ ಅಂತ ಕೇಳಬೇಡಿ. ನಮ್ಮ ಕಡೆ ಹಳೆ ಮಾರುತಿ, ಓಮ್ನಿ ಇಟ್ಟುಕೊಂಡವರು ಬಹಳಷ್ಟು ಮಂದಿ ನಮ್ಮಂಥ ಸಣ್ಣ ರೈತರೇ. ಯಾರೂ ಶೋಕಿಗೆ ಇಟ್ಟುಕೊಂಡದ್ದಲ್ಲ. ಬಿತ್ತನೆ ಬೀಜ, ಗೊಬ್ಬರದ ಚೀಲ, ಸಂತೆಗೆ ಹೋಗೋ ಈರುಳ್ಳಿ, ಜ್ವರ ಬಂದ ಮಗು ಎಲ್ಲ ಅದರಲ್ಲೇ. ಪಂಪ್‌ಸೆಟ್ಟಿನ ಬಗ್ಗೆ ಬರೆಯಬಹುದಾದರೆ ಇದರ ಬಗ್ಗೆಯೂ ಬರೆಯಬಹುದು ಅಂತ ನನ್ನ ಲೆಕ್ಕ.

ನಾನು ಓದಿದ್ದು ಏಳನೇ ಕ್ಲಾಸು. ಜಗಳೂರು ತಾಲ್ಲೂಕಿನಲ್ಲಿ ಆರು ಎಕರೆ ಕೆಂಪು ಮಸಾರಿ ಜಮೀನು, ಮಳೆಯನ್ನೇ ನಂಬಿದ ಬೇಸಾಯ. ಮೆಕ್ಕೆಜೋಳ, ಶೇಂಗಾ, ಸಾಲಿಗೊಂದು ತೊಗರಿ. ಒಂದು ವರ್ಷ ಶೇಂಗಾ ಕೈ ಹಿಡಿದಾಗ, 2008ರಲ್ಲಿ, ಒಬ್ಬ ಮೇಷ್ಟ್ರ ಹತ್ತಿರ 1998ರ ಮಾರುತಿ 800 ಕೊಂಡೆ. ಇವತ್ತಿಗೂ ಅದೇ ಗಾಡಿ. ಇದು ಕಾರ್ಬೊರೇಟರಿನ ಗಾಡಿ. 2000ನೇ ಇಸವಿಯ ಆಸುಪಾಸಿನಿಂದ ಈಚೆಗೆ ಎಂ.ಪಿ.ಎಫ್.ಐ. ಬಂದು, ಪೆಟ್ರೋಲ್ ಎಷ್ಟು ಬಿಡಬೇಕು ಅನ್ನೋದನ್ನ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಂಥ ಗಾಡಿ ಇದ್ದವರಿಗೆ ಈ ಲೇಖನ ಬೇಕಿಲ್ಲ. ಕಾರ್ಬೊರೇಟರ್ ಇದ್ದವರು ಓದಿ.

ಆ ರಾತ್ರಿ ನಡೆದದ್ದು

2019ರ ಆಶ್ಲೇಷ ಮಳೆ ಸಮಯ. ಅದಕ್ಕೆ ಒಂದು ವಾರ ಮೊದಲು ಗಾಡಿಯನ್ನು ಪೇಟೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಟ್ಟಿದ್ದೆ. ಗಾಡಿಗೆ ಏನೂ ಆಗಿರಲಿಲ್ಲ. ಆಸೆ ಅಷ್ಟೆ. “ಸ್ವಲ್ಪ ಮೈಲೇಜು ಬರೋ ಹಂಗೆ ಟ್ಯೂನ್ ಮಾಡಪ್ಪಾ” ಅಂದೆ. ಅವನು ಬಾನೆಟ್ ಎತ್ತಿ, ಉದ್ದನೆ ಸ್ಕ್ರೂಡ್ರೈವರ್ ಹಾಕಿ ಒಂದು ಸ್ಕ್ರೂವನ್ನು ಒಳಕ್ಕೆ ತಿರುಗಿಸಿದ. “ಸ್ಲೋ ಸ್ವಲ್ಪ ಕಮ್ಮಿ ಆಗ್ತದೆ ಯಜಮಾನ್ರೇ, ಅಡ್ಜಸ್ಟ್ ಮಾಡ್ಕೊಳ್ರಿ” ಅಂದ. ಇನ್ನೂರು ರೂಪಾಯಿ ಕೊಟ್ಟು ಬಂದೆ.

ರಾತ್ರಿ ಒಂದು ಗಂಟೆಗೆ ಸೊಸೆಗೆ ಹೆರಿಗೆ ನೋವು ಶುರುವಾಯ್ತು. ಚೊಚ್ಚಲು. ಡಾಕ್ಟರು ಮೊದಲೇ ದಾವಣಗೆರೆಗೇ ಕರಕೊಂಡು ಬನ್ನಿ ಅಂದಿದ್ದರು. ಹಿಂದಿನ ಸೀಟಿನಲ್ಲಿ ಸೊಸೆ, ನನ್ನ ಮನೆಯವಳು. ಮುಂದೆ ಮಗ, ನಾನು. ಹೊರಗೆ ಜಿಟಿಜಿಟಿ ಮಳೆ. ಊರು ದಾಟಿ ಮೊದಲನೇ ಹಂಪ್ಸಿನಲ್ಲಿ ಎಕ್ಸಲೇಟರಿನಿಂದ ಕಾಲು ತೆಗೆದೆ, ಗಾಡಿ ಆಫ್. ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಮುಂದಿನ ಊರಿನ ಹಂಪ್ಸಿನಲ್ಲಿ ಮತ್ತೆ ಆಫ್. ವೈಪರು, ಲೈಟು ಎರಡೂ ಓಡುತ್ತಿದ್ದವು, ಬ್ಯಾಟರಿ ಹಳೇದು. ಐದನೇ ಸಲ ಸೆಲ್ಫ್ ಹೊಡೆಯಲೇ ಇಲ್ಲ. ಮಗ ಕೆಸರಿನಲ್ಲಿ ಇಳಿದು ನೂಕಿದ. ಹಿಂದಿನ ಸೀಟಿನಿಂದ ಮನೆಯವಳು, “ಮೈಲೇಜು ಮೈಲೇಜು ಅಂತಿದ್ರಲ್ಲ, ಬಂತಾ?” ಅಂದಳು. ನಾನು ಉತ್ತರ ಕೊಡಲಿಲ್ಲ.

ದೇವರ ದಯೆ, ಆಸ್ಪತ್ರೆ ಮುಟ್ಟಿದೆವು. ಬೆಳಗಿನ ಜಾವಕ್ಕೆ ಮೊಮ್ಮಗ ಹುಟ್ಟಿದ. ತಾಯಿ, ಮಗು ಚೆನ್ನಾಗಿದ್ದಾರೆ. ಆದರೆ ಒಂದು ವೇಳೆ ಗಾಡಿ ನೂಕಿದರೂ ಸ್ಟಾರ್ಟ್ ಆಗದೇ ಹೋಗಿದ್ದರೆ? ತಪ್ಪು ಮೆಕ್ಯಾನಿಕ್‌ನದು ಮಾತ್ರ ಅಲ್ಲ. ಕೇಳಬಾರದ್ದನ್ನು ಕೇಳಿದವನು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಮೈಲೇಜಿನ ಸ್ಕ್ರೂ ಅಲ್ಲ

ನಮ್ಮ ದೊಡ್ಡಪ್ಪನ ಮಗ, ಅಣ್ಣ, ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವನು. ಮುಂದಿನ ಭಾನುವಾರ ಮಗು ನೋಡಲು ಬಂದಾಗ ಗಾಡಿ ಸ್ಟಾರ್ಟ್ ಮಾಡಿಸಿ, ಒಂದು ನಿಮಿಷ ಕಿವಿಗೊಟ್ಟು ಕೇಳಿದ. ಆಮೇಲೆ ಅದೇ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಬಿಚ್ಚಿದ. ನಡುಗುತ್ತಿದ್ದ ಇಂಜಿನ್ ತೊಟ್ಟಿಲು ತೂಗಿದ ಹಾಗೆ ಸಮ ಆಯ್ತು. “ಇದು ಮೈಲೇಜಿನ ಸ್ಕ್ರೂ ಅಲ್ಲಪ್ಪಾ. ಗಾಡಿ ನಿಂತಾಗ ಉಸಿರಾಡೋ ಸ್ಕ್ರೂ” ಅಂದ.

ಅವನು ಬಿಡಿಸಿ ಹೇಳಿದ್ದು ಹೀಗೆ. ನಾವು ಎಕ್ಸಲೇಟರ್ ತುಳಿದಾಗ ಕಾರ್ಬೊರೇಟರಿನ ಒಳಗಿನ ತಗಡಿನ ಬಾಗಿಲು ತೆರೆಯುತ್ತದೆ. ಗಾಳಿ ಜೋರಾಗಿ ನುಗ್ಗುತ್ತದೆ. ಆ ಗಾಳಿಯ ಸೆಳೆತಕ್ಕೆ ಮೇನ್ ಜೆಟ್ಟಿನಿಂದ ಪೆಟ್ರೋಲ್ ಬರುತ್ತದೆ. ರೋಡಿನಲ್ಲಿ ಓಡುವಾಗ ಕುಡಿಯುವ ಪೆಟ್ರೋಲ್ ಹೆಚ್ಚೂಕಮ್ಮಿ ಎಲ್ಲಾ ಇಲ್ಲಿಂದಲೇ. ಕಾಲು ತೆಗೆದಾಗ ಆ ಬಾಗಿಲು ಕೂದಲೆಳೆಯಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ. ಮೇನ್ ಜೆಟ್ಟಿನಿಂದ ಪೆಟ್ರೋಲ್ ಬರುವುದಿಲ್ಲ. ಆಗ ಬಾಗಿಲಿನ ಕೆಳಗಿರುವ ಸಣ್ಣ ತೂತಿನಿಂದ ಇಂಜಿನ್ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ಆ ತೂತಿಗೆ ಅಡ್ಡ ಇರೋ ಚೂಪು ಮೂತಿಯ ಸ್ಕ್ರೂವೇ ಮಿಕ್ಸ್ಚರ್ ಸ್ಕ್ರೂ. ಮೆಕ್ಯಾನಿಕ್‌ಗಳು ಸ್ಲೋ ಸ್ಕ್ರೂ ಅಂತಲೂ, ಏರ್ ಸ್ಕ್ರೂ ಅಂತಲೂ ಅಂತಾರೆ.

ಡ್ರಿಪ್ ಹಾಕಿದವರಿಗೆ ಬೇಗ ಅರ್ಥವಾಗುತ್ತದೆ. ಇದು ಒಂದು ಲ್ಯಾಟರಲ್ ಬಾಯಿಗೆ ಇಟ್ಟ ಚಿಕ್ಕ ಕಾಕ್. ಮೇನ್ ಲೈನಿನ ಗೇಟ್‌ವಾಲ್ವ್ ಅಲ್ಲ. ಚಿಕ್ಕ ಕಾಕ್ ಮುಚ್ಚಿದರೆ ಆ ಒಂದು ಸಾಲು ಒಣಗುತ್ತದೆ, ಬಾವಿಯ ನೀರೇನೂ ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ನನ್ನಂಥ ಸಣ್ಣ ಗಾಡಿ ನಿಂತಲ್ಲೇ ಒಂದು ಗಂಟೆ ಓಡಿದರೆ ಸುಮಾರು ಅರ್ಧ ಲೀಟರ್ ಪೆಟ್ರೋಲ್ ಬೇಕು. ದಿನಕ್ಕೆ ಹತ್ತು ನಿಮಿಷ ಹಾಗೆ ನಿಂತು ಓಡಿತು ಅನ್ನಿ. 80 ಮಿಲಿ ಚಿಲ್ಲರೆ. ಸ್ಕ್ರೂ ಬಿಗಿ ಮಾಡಿ ಅದರಲ್ಲಿ ಹತ್ತನೇ ಒಂದು ಪಾಲು ಉಳಿಸಿದಿರಿ ಅಂತಲೇ ಇಟ್ಟುಕೊಳ್ಳಿ. 8 ಮಿಲಿ. ಲೀಟರಿಗೆ ನೂರು ರೂಪಾಯಿ ಹಿಡಿದರೆ 80 ಪೈಸೆ. ಈ 80 ಪೈಸೆಗೆ ನಾನು ಸೊಸೆಯ ಜೀವ ಪಣಕ್ಕಿಟ್ಟಿದ್ದೆ.

ಅದೂ ಉಳಿಯುವುದಿಲ್ಲ. ಸ್ಕ್ರೂ ಬಿಗಿಯಾದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಇಂಜಿನ್ ಮಿಸ್ ಹೊಡೆಯುತ್ತದೆ. ನಿಂತಲ್ಲಿಂದ ಎತ್ತುವಾಗ ಮುಗ್ಗರಿಸುತ್ತದೆ. ಮುಗ್ಗರಿಸಿದ್ದಕ್ಕೆ ನಾವು ಇನ್ನಷ್ಟು ತುಳಿಯುತ್ತೇವೆ, ಇಲ್ಲಾ ಚೋಕ್ ಎಳೆದು ಓಡಿಸುತ್ತೇವೆ. ಚೋಕ್ ಎಳೆದ ಒಂದು ಮೈಲಿಗೆ ವಾರದ ಉಳಿತಾಯ ಹೋಯ್ತು. ನಾನು ಬೆಳೆ ಲೆಕ್ಕದ ಪುಸ್ತಕದ ಹಿಂದೆ ಪೆಟ್ರೋಲ್ ಲೆಕ್ಕವನ್ನೂ ಬರೆಯುತ್ತೇನೆ. ಸ್ಕ್ರೂ ಬಿಗಿ ಮಾಡಿಸುವ ಮೊದಲು 10 ಲೀಟರಿಗೆ 158 ಕಿಲೋಮೀಟರ್ ಓಡಿತ್ತು. ಬಿಗಿ ಮಾಡಿಸಿದ ಮೇಲೆ 151. ಅಣ್ಣ ಸರಿ ಮಾಡಿದ ಮೇಲೆ 160. ಒಂದೇ ಗಾಡಿಯ ಲೆಕ್ಕ, ಇದನ್ನೇ ಶಾಸನ ಅನ್ನಬೇಡಿ. ಆದರೆ ಬಿಗಿ ಮಾಡಿದ್ದರಿಂದ ಲಾಭ ಆಗಲಿಲ್ಲ ಅನ್ನೋದಂತೂ ಖರೆ.

ಹಾಗಂತ ಹೊರಕ್ಕೆ ಬಿಚ್ಚಿಬಿಡುವುದೂ ತಪ್ಪು. ಪ್ಲಗ್ ಕೆಟ್ಟಿದ್ದರೂ, ಗಾಳಿ ಸೋರುತ್ತಿದ್ದರೂ, ಅದನ್ನು ಹುಡುಕುವ ಬದಲು ಈ ಸ್ಕ್ರೂ ಬಿಚ್ಚಿ ರೋಗ ಮುಚ್ಚಿಡುವವರಿದ್ದಾರೆ. ಆಗ ಪ್ಲಗ್ಗಿಗೆ ಕಪ್ಪು ಮಸಿ ಹಿಡಿಯುತ್ತದೆ, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ, ಸುಡದ ಪೆಟ್ರೋಲ್ ಸಿಲಿಂಡರಿನ ಆಯಿಲ್ ತೊಳೆದುಹಾಕುತ್ತದೆ. ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ. ನಮ್ಮಂಥ ಹಳೆ, ಭಾರತ್ ಸ್ಟೇಜ್ 2ಕ್ಕಿಂತ ಮುಂಚಿನ ಕಾರುಗಳಿಗೆ ನಿಂತ ಓಟದಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3 ದಾಟಬಾರದು ಅಂತ ನಿಯಮ.

ಮೊದಲು ಇವನ್ನು ನೋಡಿ

ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋದು ಕೊನೆಗೆ. ಮಣ್ಣು ನೋಡದೆ ಗೊಬ್ಬರ ಸುರಿದ ಹಾಗೆ ಆಗಬಾರದು.

ಏರ್ ಫಿಲ್ಟರ್ ತೆಗೆದು ದೂಳು ಕೊಡವಿ. ನಮ್ಮ ಕೆಂಪು ದೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ನೋಡಿ. ಇಟ್ಟಿಗೆ ಕಂದು ಬಣ್ಣ ಇದ್ದರೆ ಸರಿ. ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಕಮ್ಮಿ. ಪಾಯಿಂಟು, ಟೈಮಿಂಗ್, ಟ್ಯಾಪೆಟ್ ನೋಡಿಸಿ ವರ್ಷಗಳಾಗಿದ್ದರೆ ಅದನ್ನು ಮೊದಲು ಮಾಡಿಸಿ. ಕಾರ್ಬೊರೇಟರಿನಿಂದ ಹೊರಟ ಸಣ್ಣ ರಬ್ಬರ್ ಪೈಪುಗಳು ಸೀಳಿದ್ದರೆ ಅಲ್ಲಿಂದ ಕಳ್ಳ ಗಾಳಿ ಒಳಗೆ ಹೋಗುತ್ತದೆ. ಇದನ್ನು ಕಂಡುಹಿಡಿಯಲು ಇಂಜಿನ್ ಓಡುವಾಗ ಚೆನ್ನಾಗಿ ತೊಳೆದ ಸಣ್ಣ ಕೈಪಂಪಿನಲ್ಲಿ ಪೈಪಿನ ಜಾಯಿಂಟುಗಳಿಗೆ ಒಂದಿಷ್ಟು ನೀರು ಸಿಂಪಡಿಸಿ. ಪ್ಲಗ್, ವೈರು, ಡಿಸ್ಟ್ರಿಬ್ಯೂಟರಿಗೆ ತಾಗಿಸಬೇಡಿ. ಎಲ್ಲಿ ನೀರು ಬಿದ್ದಾಗ ಇಂಜಿನ್ ಸದ್ದು ಬದಲಾಗುತ್ತದೋ ಅಲ್ಲೇ ಸೋರಿಕೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಬೆಂಕಿ ಹತ್ತುತ್ತದೆ, ಖಂಡಿತ ಮಾಡಬೇಡಿ.

ಸ್ಕ್ರೂ ಕೂರಿಸುವ ಕ್ರಮ

ಗಾಡಿಯನ್ನು ಎಂಟು ಹತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ತಣ್ಣಗಿದ್ದಾಗ ಕೂರಿಸಿದ್ದು ಬಿಸಿಯಾದ ಮೇಲೆ ತಪ್ಪುತ್ತದೆ. ಬಯಲಿನಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಬೇಡ. ಆ ಹೊಗೆ ವಿಷ, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಚೋಕ್ ಪೂರ್ತಿ ಒಳಗೆ ತಳ್ಳಿ, ಲೈಟು ಆರಿಸಿ. ಇನ್ನೊಂದು ಮಾತು. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಪಂಚೆ ಎತ್ತಿ ಕಟ್ಟಿ. ಬೆಲ್ಟು ಯಾರ ಮರ್ಯಾದೆಯನ್ನೂ ನೋಡುವುದಿಲ್ಲ.

1. ಇಂಜಿನ್ ಆಫ್ ಮಾಡಿ. ಮಿಕ್ಸ್ಚರ್ ಸ್ಕ್ರೂ ಕಾರ್ಬೊರೇಟರಿನ ಬುಡದಲ್ಲಿ, ಇಂಜಿನ್ನಿಗೆ ಸೇರುವ ಕಡೆ ಇರುತ್ತದೆ. ಈಗ ಎಲ್ಲಿದೆಯೋ ಅಲ್ಲಿಂದ ಪೂರ್ತಿ ಒಳಕ್ಕೆ ಎಷ್ಟು ಸುತ್ತು ಹೋಯ್ತು ಎಣಿಸಿ, ಬರೆದಿಡಿ. ಕೆಟ್ಟರೆ ವಾಪಸ್ ಬರುವ ದಾರಿ ಇದೇ. ತಳ ಮುಟ್ಟಿದಾಗ ಬಿಗಿ ಮಾಡಬೇಡಿ, ಚೂಪು ಮೂತಿ ಗಾಯವಾದರೆ ಮುಂದೆಂದೂ ಸರಿಯಾಗಿ ಕೂರುವುದಿಲ್ಲ.

2. ತಳದಿಂದ ಎರಡು ಸುತ್ತು ಹೊರಕ್ಕೆ ಬಿಚ್ಚಿ ಸ್ಟಾರ್ಟ್ ಮಾಡಿ. ಇದು ಶುರು ಮಾಡೋ ಜಾಗ ಮಾತ್ರ, ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇರುತ್ತದೆ.

3. ಇನ್ನೊಂದು ಸ್ಕ್ರೂ ಇದೆ, ಎಕ್ಸಲೇಟರ್ ಕೇಬಲಿನ ಹತ್ತಿರ, ತಗಡಿನ ಬಾಗಿಲನ್ನು ತಡೆದು ನಿಲ್ಲಿಸುವುದು. ಅದರಿಂದ ಇಂಜಿನ್ ಸ್ಪೀಡನ್ನು ನಿಂತು ಓಡುವಷ್ಟಕ್ಕೆ ಇಳಿಸಿ. ಮೀಟರ್ ಇದ್ದವರಿಗೆ ನಿಮಿಷಕ್ಕೆ 900 ಸುತ್ತಿನ ಆಸುಪಾಸು.

4. ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ ತಿರುಗಿಸಿ, ಹತ್ತು ಎಣಿಸುವಷ್ಟು ತಡೆಯಿರಿ. ಇಂಜಿನ್ ಉತ್ತರ ಕೊಡಲು ಸಮಯ ಬೇಕು. ಹೀಗೇ ಹೋದರೆ ಒಂದು ಕಡೆ ಇಂಜಿನ್ ನಡುಗಿ ಸೊರಗುತ್ತದೆ. ಅಲ್ಲಿಂದ ವಾಪಸ್ ಕಾಲು ಕಾಲು ಸುತ್ತು ಹೊರಕ್ಕೆ ಬನ್ನಿ. ಸ್ಪೀಡ್ ಏರಿ ಸಮ ಆಗುತ್ತದೆ. ಇನ್ನೂ ಹೊರಕ್ಕೆ ಹೋದರೆ ಸದ್ದು ಭಾರವಾಗಿ ಕುಂಟುತ್ತದೆ, ವಾಸನೆ ಬರುತ್ತದೆ. ಎರಡರ ನಡುವೆ ಅತಿ ನಯವಾಗಿ, ಜೋರಾಗಿ ಓಡೋ ಜಾಗವೇ ನಮಗೆ ಬೇಕಾದ್ದು.

5. ಅಲ್ಲಿ ಸ್ಪೀಡ್ ಹೆಚ್ಚಾಗಿರುತ್ತದೆ. ಕೇಬಲ್ ಹತ್ತಿರದ ಸ್ಕ್ರೂವಿನಿಂದ ಮತ್ತೆ ಇಳಿಸಿ. ನಾಲ್ಕನೇ ಕೆಲಸವನ್ನು ಇನ್ನೊಂದು ಸಲ ಮಾಡಿ. ಕೊನೆಗೆ ಸ್ಪೀಡ್ ಇನ್ನೇನು ಇಳಿಯಬೇಕು ಅನ್ನುವಷ್ಟಕ್ಕೆ, ಎಳ್ಳಷ್ಟು ಮಾತ್ರ ಒಳಕ್ಕೆ ಕೊಟ್ಟು ನಿಲ್ಲಿಸಿ.

ಪರೀಕ್ಷೆಗೆ ಅಣ್ಣನ ಉಪಾಯ ಇದೆ. ಸೈಲೆನ್ಸರ್ ಬಾಯಿಗೆ ಒಂದು ಪೇಪರ್ ಚೂರು ಹಿಡಿಯಿರಿ. ಒಂದೇ ಸಮ ಹೊರಕ್ಕೆ ತಳ್ಳಿದರೆ ಸರಿ. ನಡುನಡುವೆ ಒಳಕ್ಕೆ ಸೆಳೆದರೆ ಎಲ್ಲೋ ಮಿಸ್ ಇದೆ. ಆಮೇಲೆ ಹೊಗೆ ತಪಾಸಣೆ ಮಾಡಿಸಿ. ಆರು ತಿಂಗಳಿಗೊಮ್ಮೆ ಹೇಗೂ ಮಾಡಿಸಲೇಬೇಕಲ್ಲ, ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳದೆ ಅದರಲ್ಲಿ ಬರೆದ ಅಂಕಿಯನ್ನೂ ಓದಿ.

ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್ ಸದ್ದೇ ಬದಲಾಗದಿದ್ದರೆ? ಆಗ ಸ್ಕ್ರೂ ಬಿಡಿ. ಒಂದೋ ಸ್ಲೋ ಜೆಟ್ ಕಸ ಕಟ್ಟಿದೆ. ಇಲ್ಲಾ ಕೇಬಲ್ ಹತ್ತಿರದ ಸ್ಕ್ರೂ ಅತಿಯಾಗಿ ಒಳಗೆ ಹೋಗಿ ಬಾಗಿಲು ಹೆಚ್ಚು ತೆರೆದಿದೆ. ನನ್ನ ಗಾಡಿಯ ಕಾರ್ಬೊರೇಟರಿಗೆ ಒಂದು ವೈರಿನ ಸೊಲೆನಾಯ್ಡ್ ಇದೆ, ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು. ಅನ್ನದಿದ್ದರೆ ಆ ಸಣ್ಣ ದಾರಿಗೆ ಪೆಟ್ರೋಲೇ ಬರುವುದಿಲ್ಲ. ಒಂದು ಸಲ ಇಲಿ ಆ ವೈರು ಕಡಿದು ನಾನು ಅರ್ಧ ದಿನ ಸ್ಕ್ರೂ ತಿರುಗಿಸಿದ್ದೆ.

ಹಳೆ ಬೈಕು ಇದ್ದವರಿಗೆ ಒಂದು ಎಚ್ಚರಿಕೆ. ಬೈಕುಗಳಲ್ಲಿ ಕೆಲವಕ್ಕೆ ಸ್ಕ್ರೂ ಏರ್ ಫಿಲ್ಟರಿನ ಕಡೆ ಇರುತ್ತದೆ. ಅದು ಗಾಳಿಯ ಸ್ಕ್ರೂ. ಅಲ್ಲಿ ಒಳಕ್ಕೆ ತಿರುಗಿಸಿದರೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ, ಎಲ್ಲಾ ಉಲ್ಟಾ.

ನಮ್ಮ ಜೋಳ, ನಮ್ಮ ಕಾರ್ಬೊರೇಟರ್

ಐದಾರು ವರ್ಷ ಚೆನ್ನಾಗಿ ಓಡಿದ ಗಾಡಿ 2025ರಲ್ಲಿ ಮತ್ತೆ ಬೆಳಗಿನ ಹೊತ್ತು ಆಫ್ ಆಗತೊಡಗಿತು. ಈ ಸಲ ಯಾರೂ ಸ್ಕ್ರೂ ಮುಟ್ಟಿರಲಿಲ್ಲ. ಬದಲಾದದ್ದು ಪೆಟ್ರೋಲ್. 2030ಕ್ಕೆ ಅಂತ ಇಟ್ಟುಕೊಂಡಿದ್ದ ಶೇ. 20 ಎಥೆನಾಲ್ ಗುರಿಯನ್ನು ಸರ್ಕಾರ 2025ಕ್ಕೇ ತಂದಿತು. ಈಗ ಬಂಕಿನಲ್ಲಿ ಸಿಗುವುದು ಅದೇ. ಕಬ್ಬಿನ ಜೊತೆಗೆ ನಾವು ಬೆಳೆಯೋ ಮೆಕ್ಕೆಜೋಳವೂ ಎಥೆನಾಲ್ ಆಗುತ್ತದೆ. ನಾನು ಮಾರಿದ ಜೋಳವೇ ಸುತ್ತಿ ಬಂದು ನನ್ನ ಟ್ಯಾಂಕಿಗೆ ಸೇರುತ್ತದೆ ಅನ್ನಬಹುದು. ಅದಕ್ಕೆ ನನ್ನ ವಿರೋಧ ಇಲ್ಲ, ಜೋಳಕ್ಕೆ ಗಿರಾಕಿ ಬೇಕು. ಆದರೆ ನಮ್ಮ ಹಳೆ ಗಾಡಿಗಳಿಗೆ ಏನು ಮಾಡಬೇಕು ಅಂತ ಯಾರಾದರೂ ನಮಗೆ ಹೇಳಬೇಕಿತ್ತು.

ವಿಷಯ ಇಷ್ಟೆ. ಎಥೆನಾಲಿನೊಳಗೇ ಆಮ್ಲಜನಕ ಇದೆ. ಬರೀ ಪೆಟ್ರೋಲ್ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಕಂಪ್ಯೂಟರ್ ಇದ್ದ ಗಾಡಿ ಇದನ್ನು ತಾನೇ ತಿಳಿದು ಪೆಟ್ರೋಲ್ ಹೆಚ್ಚು ಬಿಡುತ್ತದೆ. ನಮ್ಮ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಹಳೆ ತೂತು, ಹಳೆ ಅಳತೆ. ಹಾಗಾಗಿ ಯಾರೂ ಮುಟ್ಟದೆಯೇ ಸ್ಕ್ರೂ ಬಿಗಿ ಮಾಡಿದಂತೆ ಆಗುತ್ತದೆ. ಮೇಲೆ ಹೇಳಿದ ಕ್ರಮದಲ್ಲೇ ಮತ್ತೆ ಕೂರಿಸಿದೆ. ಮೊದಲು ಎರಡು ಸುತ್ತಿಗೆ ನಿಲ್ಲುತ್ತಿದ್ದದ್ದು ಈಗ ಎರಡೂವರೆಗೆ ನಿಂತಿತು. ಹಂಪ್ಸಿನಲ್ಲಿ ಆಫ್ ಆಗುವುದು ನಿಂತಿದೆ.

ಮೈಲೇಜು ಮಾತ್ರ 10 ಲೀಟರಿಗೆ 149ಕ್ಕೆ ಇಳಿಯಿತು. ಇದಕ್ಕೆ ಸ್ಕ್ರೂವಿನಲ್ಲಿ ಮದ್ದಿಲ್ಲ. ಎಥೆನಾಲಿಗೆ ಪೆಟ್ರೋಲಿನಷ್ಟು ಕಸುವಿಲ್ಲ. ಹಳೆ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಕಡಿಮೆಯಾಗಬಹುದು ಅಂತ 2021ರ ನೀತಿ ಆಯೋಗದ ವರದಿಯಲ್ಲೇ ಇದೆ. ಈ ಇಳಿತ ಸರಿಮಾಡಲು ಸ್ಕ್ರೂ ಒಳಕ್ಕೆ ತಿರುಗಿಸಲು ಹೋದರೆ ನನ್ನ 2019ರ ರಾತ್ರಿಯೇ ನಿಮಗೂ ಗತಿ. ಜೊತೆಗೆ ಹಳೆ ಪೆಟ್ರೋಲ್ ಪೈಪುಗಳನ್ನು ಬದಲಾಯಿಸಿ. ಎಥೆನಾಲ್ ಹಳೆ ರಬ್ಬರನ್ನು ಹಾಳು ಮಾಡುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ.

ಕೇಳುವ ಮಾತು ಬದಲಾಗಲಿ

ನಾವು ರೈತರು ಯಾವುದಕ್ಕೂ ಒಂದೇ ಪ್ರಶ್ನೆ ಕೇಳುತ್ತೇವೆ. ಬೀಜಕ್ಕೆ “ಎಕರೆಗೆ ಎಷ್ಟು ಚೀಲ?” ಎಮ್ಮೆಗೆ “ಎಷ್ಟು ಲೀಟರ್?” ಗಾಡಿಗೆ “ಎಷ್ಟು ಕೊಡ್ತದೆ?” ಮಳೆ ಕೈ ಕೊಟ್ಟಾಗ ಆ ಬೀಜ ತಡೀತದಾ, ನಡುರಾತ್ರಿಯಲ್ಲಿ ಈ ಗಾಡಿ ನಿಲ್ಲದೆ ಓಡ್ತದಾ ಅಂತ ಕೇಳೋದು ಕಡಿಮೆ. ಮೆಕ್ಯಾನಿಕ್ ನಾವು ಕೇಳಿದ್ದನ್ನೇ ಮಾಡುತ್ತಾನೆ. ಇನ್ನು ಮೇಲೆ “ಮೈಲೇಜ್ ಬರೋ ಹಂಗೆ ಮಾಡು” ಅನ್ನಬೇಡಿ. “ಬಿಸಿ ಮಾಡಿ, ಸಮ ಓಡೋ ಹಂಗೆ ಮಾಡು, ಎಷ್ಟು ಸುತ್ತಿಗೆ ಇಟ್ಟೆ ಹೇಳು” ಅನ್ನಿ. ಅದಕ್ಕಿಂತ ಒಳ್ಳೆಯದು ನೀವೇ ಕಲಿಯುವುದು. ಒಂದು ಸ್ಕ್ರೂಡ್ರೈವರ್, ಒಂದು ಗಂಟೆ ಸಾಕು.

ಕಲಿಯುವುದನ್ನು ಮುಂದೂಡಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. 2020ರಿಂದ ಹೊಸ ಬೈಕುಗಳೂ ಬಹುತೇಕ ಕಾರ್ಬೊರೇಟರ್ ಬಿಟ್ಟವು. ಈಗ ಕೆಲಸ ಕಲಿಯುವ ಹುಡುಗರು ಕಂಪ್ಯೂಟರ್ ಸಿಕ್ಕಿಸಿ ನೋಡುತ್ತಾರೆ. ಅದು ಅವರ ತಪ್ಪಲ್ಲ. ಕಾರ್ಬೊರೇಟರ್ ಬಲ್ಲವರು ಅಣ್ಣನ ವಯಸ್ಸಿನವರು. ಅಣ್ಣನಿಗೆ ಈಗ ಕಿವಿ ಮಂದ. ಮೊನ್ನೆ ಬಂದಾಗ ಇಂಜಿನ್ ಸದ್ದು ಕೇಳಿಸಲಿಲ್ಲ. ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, “ಇನ್ನೊಂದು ಎಳ್ಳಷ್ಟು ಬಿಡು” ಅಂದ. ಬಿಟ್ಟೆ. ಸರಿಯಾಯ್ತು. ಆರು ವರ್ಷದ ಮೊಮ್ಮಗ ಪಕ್ಕದಲ್ಲಿ ನಿಂತು ತಾನೂ ಕೈ ಇಟ್ಟು ನೋಡಿದ.

ಹಳೆ ಪೆಟ್ರೋಲ್ ಜೀಪು, ಸೀಮೆಎಣ್ಣೆ ಪಂಪ್‌ಸೆಟ್ಟಿನ ಕಾರ್ಬೊರೇಟರ್ ಬಗ್ಗೆ ಅನುಭವ ಇದ್ದವರು ಬರೆಯಿರಿ. ನನ್ನ ಕ್ರಮದಲ್ಲಿ ತಪ್ಪಿದ್ದರೆ ಅದನ್ನೂ ಬರೆಯಿರಿ, ತಿದ್ದಿಕೊಳ್ಳುತ್ತೇನೆ.